ಸುತ್ತೂರು ಜಾತ್ರೆಗೆ ಫ್ಯಾನ್ ಮಳಿಗೆಯೂ ಬರಲಿ



2015ರ ಡಿಸೆಂಬರ್‌ನಲ್ಲಿ ಶುರುವಾದ ರಾಜ್ಯದ ‘ಹೊಸ ಬೆಳಕು’ ಯೋಜನೆ 60 ವಾಟಿನ ಬುರುಡೆ ದೀಪದ ಜಾಗಕ್ಕೆ 9 ವಾಟಿನ ಎಲ್‌ಇಡಿ ತಂದಿತು. ರಿಯಾಯಿತಿ ದರ ಸಿಕ್ಕಿದ್ದರಿಂದಲೇ ಬಡವರೂ ಕೊಂಡರು. ಫ್ಯಾನ್ ವಿಷಯದಲ್ಲಿ ಅಂಥ ಪ್ರಯತ್ನ ಹಳ್ಳಿಗೆ ಇನ್ನೂ ತಲುಪಿಲ್ಲ.

ಲೆಕ್ಕ ಸರಳ. ಹಳೆಯ 75 ವಾಟಿನ ಸೀಲಿಂಗ್ ಫ್ಯಾನ್ ದಿನಕ್ಕೆ 12 ಗಂಟೆ ತಿರುಗಿದರೆ ತಿಂಗಳಿಗೆ 27 ಯೂನಿಟ್; ಕಡಿಮೆ ವಿದ್ಯುತ್ ಬಳಸುವ 28 ವಾಟಿನ ಹೊಸ ಬಗೆಯ ಬಿಎಲ್‌ಡಿಸಿ ಫ್ಯಾನಿಗೆ ಸುಮಾರು 10 ಸಾಕು. ‘ಗೃಹಜ್ಯೋತಿ’ಯ ಉಚಿತ ವಿದ್ಯುತ್ ಇರುವಾಗ ಉಳಿತಾಯವೇಕೆ ಎನ್ನುವವರಿದ್ದಾರೆ. ಆದರೆ ಬಳಕೆ 200 ಯೂನಿಟ್ ದಾಟಿದ ತಿಂಗಳು ಪೂರ್ತಿ ಬಿಲ್ ಕಟ್ಟಬೇಕು. ಬೇಸಿಗೆಯಲ್ಲಿ ದೊಡ್ಡ ಕುಟುಂಬಗಳಿಗೆ ಈ ಆತಂಕ ನಿಜವಾದದ್ದು.

ಆದರೂ ಅಂಗಡಿಯಲ್ಲಿ ಗ್ರಾಹಕರು ಮೊದಲು ನೋಡುವುದು ಬೆಲೆ. 2023ರಿಂದ ಸೀಲಿಂಗ್ ಫ್ಯಾನಿಗೆ ವಿದ್ಯುತ್ ಉಳಿತಾಯ ಸೂಚಿಸುವ ನಕ್ಷತ್ರಚಿಹ್ನೆ ಕಡ್ಡಾಯವಾಗಿದ್ದರೂ ಅದರ ಅರ್ಥ ಬಿಡಿಸಿ ಹೇಳುವವರು ಕಡಿಮೆ.

ಇದನ್ನು ತಿಳಿಸಲು ಜಾತ್ರೆ ಒಳ್ಳೆಯ ಜಾಗ. ಸುತ್ತೂರು ಜಾತ್ರೆಗೆ ನಂಜನಗೂಡು, ತಿ. ನರಸೀಪುರದ ಊರೂರಿನಿಂದ ಜನ ಬರುತ್ತಾರೆ. ಕೃಷಿ ಮೇಳ, ವಸ್ತುಪ್ರದರ್ಶನದ ಜೊತೆಗೆ ಅಲ್ಲಿ ವಿದ್ಯುತ್ ಸರಬರಾಜು ನಿಗಮ ಸೆಸ್ಕ್ ಒಂದು ಮಳಿಗೆ ತೆರೆಯಲಿ. ಎರಡೂ ಬಗೆಯ ಫ್ಯಾನುಗಳನ್ನು ಮೀಟರಿಗೆ ಜೋಡಿಸಿ ಓಡಿಸಿ ತೋರಿಸಲಿ. ಹಳೆಯದನ್ನು ಪಡೆದು, ಹೊಸದನ್ನು ಬಿಲ್ಲಿನ ಜೊತೆ ಕಂತಿನಲ್ಲಿ ಕೊಡಲಿ.

– ಓದುಗ, ಸುತ್ತೂರು