ಸದ್ಗುಣಿಯಾದ ಶ್ರೀಮಂತನೂ ಮನೆ ಬಿಟ್ಟ ಬಾಲೆಯೂ

ಹೆಣ್ಣುಮಕ್ಕಳ ಕೈಗೆ ಎಂಥ ಕಾದಂಬರಿಗಳನ್ನು ಕೊಡಬೇಕೆಂಬ ಪ್ರಶ್ನೆಯು ತಾಯಿತಂದೆಗಳನ್ನು ಯಾವಾಗಲೂ ಕಾಡುವದು. ನೀತಿಬೋಧಕವಾದವುಗಳನ್ನು ಕೊಡಿರೆಂದು ಹೇಳುವದು ಸುಲಭ. ಅದು ಎಂಥ ನೀತಿಯೆಂಬುದನ್ನು ವಿಚಾರಿಸುವವರು ವಿರಳ. ಎರಡು ಗ್ರಂಥಗಳ ಪಾತ್ರಗಳನ್ನು ಹೋಲಿಸಿ, ಈ ವಿಷಯದಲ್ಲಿ ನನ್ನ ಅಭಿಪ್ರಾಯವನ್ನು ವಾಚಕರ ಮುಂದಿಡುತ್ತೇನೆ.

ಮೊದಲನೆಯದು, ಇಂಗ್ಲಂಡದ ಸ್ಯಾಮ್ಯುಯೆಲ್ ರಿಚರ್ಡ್‌ಸನ್ನನು 1753-54ರಲ್ಲಿ ಏಳು ಸಂಪುಟಗಳಲ್ಲಿ ಪ್ರಕಟಿಸಿದ, ಪತ್ರರೂಪವಾದ 'ಸರ್ ಚಾರ್ಲ್ಸ್ ಗ್ರಾಂಡಿಸನ್'. ಅದರ ನಾಯಕನು ತರುಣನು, ಧನಿಕನು, ದೈವಭಕ್ತನು. ದುಷ್ಟನೊಬ್ಬನು ಅಪಹರಿಸಿದ ಹ್ಯಾರಿಯೆಟ್ ಬೈರನ್ ಎಂಬ ಕನ್ಯೆಯನ್ನು ಅವನು ಬಿಡಿಸಿ ತರುವನು. ಅದೇ ದುಷ್ಟನು ದ್ವಂದ್ವಯುದ್ಧಕ್ಕೆ ಕರೆದರೆ, ಅದು ಧರ್ಮವಲ್ಲವೆಂದು ನಿರಾಕರಿಸುವನು. ಮಾನಕ್ಕಾಗಿ ಕತ್ತಿ ಹಿರಿಯುವದೇ ಕುಲೀನರ ಲಕ್ಷಣವೆನಿಸಿದ್ದ ಆ ಕಾಲದಲ್ಲಿ ಈ ನಿರಾಕರಣೆಯು ಸ್ತುತ್ಯವೇ ಸರಿ. ಆದರೂ ಇವನಲ್ಲಿ ದೋಷವೆಂಬುದೇ ಇಲ್ಲ. ಆದಕಾರಣ ಓದುವವರು ಇವನನ್ನು ಮೆಚ್ಚುವರೇ ಹೊರತು ಇವನಿಂದ ಕಲಿಯಲಾರರು. ಹ್ಯಾರಿಯೆಟ್ಟಳಾದರೋ ಇವನ ನಿರ್ಣಯವನ್ನು ಕಾಯುತ್ತ ಕೂಡ್ರುವಳು. ಇಟಲಿಯ ಕ್ಲೆಮೆಂಟೀನಳು ಮಾತ್ರ ಪ್ರೇಮಕ್ಕೂ ಸ್ವಮತಶ್ರದ್ಧೆಗೂ ನಡುವೆ ಸಿಲುಕಿ, ಬುದ್ಧಿಭ್ರಮೆಯನ್ನೂ ಅನುಭವಿಸಿ, ಕಡೆಗೆ ತಾನಾಗಿಯೇ ಅವನನ್ನು ಬೇಡವೆನ್ನುವಳು. ಸದ್ಗುಣಕ್ಕೆ ಬೆಲೆ ತೆತ್ತವಳು ಅವಳು. ನನ್ನ ಮಟ್ಟಿಗೆ ಆ ಗ್ರಂಥದ ಜೀವವು ಅವಳೇ.

ಎರಡನೆಯದು ನಮ್ಮದೇ ಭಾಷೆಯದು. ಗುಲ್ವಾಡಿ ವೆಂಕಟರಾಯರ 'ಇಂದಿರಾಬಾಯಿ' 1899ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಿಂದ ಹೊರಬಿದ್ದಿತು. 'ಸದ್ಧರ್ಮ ವಿಜಯ'ವೆಂಬುದು ಅದರ ಇನ್ನೊಂದು ಹೆಸರು. ಇಂದಿರೆಯು ಎಳೆಯ ಪ್ರಾಯದ ವಿಧವೆ. ತಂದೆ ಭೀಮರಾಯನು ಅನ್ಯಾಯದಿಂದ ಹಣ ಗಳಿಸಿದವನು. ಭಕ್ತಿಯ ಸೋಗಿನ ಸಂತಮಂಡಲಿಯ ಸಹವಾಸಕ್ಕೆ ಮಗಳನ್ನು ಒಪ್ಪಿಸಲು ಆ ಮನೆಯವರು ಹಿಂಜರಿಯುವದಿಲ್ಲ. ಅವಳು ಮನೆ ಬಿಟ್ಟು ಅಮೃತರಾಯನ ಆಶ್ರಯ ಸೇರುವಳು. ವಿದ್ಯೆ ಕಲಿತು, ವಿಲಾಯತಿಯಿಂದ ಓದಿ ಬಂದ ಭಾಸ್ಕರರಾಯನನ್ನು ಪುನರ್ವಿವಾಹವಾಗುವಳು.

ಮನೆ ಬಿಟ್ಟ ಬಾಲೆಯು ಆದರ್ಶವಾಗುವದು ಹೇಗೆಂದು ಕೆಲವು ಪಾಲಕರು ಕೇಳಬಹುದು. ಪ್ರಶ್ನೆಯು ಯುಕ್ತವಾದದ್ದೇ. ಆದರೆ ಇಂದಿರೆಯು ಹಿರಿಯರ ಮಾತನ್ನು ಮೀರಿದ್ದು ಸ್ವೇಚ್ಛೆಯಿಂದಲ್ಲ. ಹಿರಿಯರೇ ಹಿರಿತನವನ್ನು ಮರೆತಾಗ. ವಿಧೇಯತೆಯು ಸದ್ಗುಣವೇ; ಆದರೆ ಅದೊಂದೇ ಸದ್ಗುಣವಲ್ಲ. ಗ್ರಾಂಡಿಸನ್ನನಿಗೆ ಸಂಪತ್ತಿತ್ತು, ಪದವಿಯಿತ್ತು, ಪುರುಷನೆಂಬ ಸ್ವಾತಂತ್ರ್ಯವಿತ್ತು. ಇಂದಿರೆಗೆ ಇದಾವದೂ ಇರಲಿಲ್ಲ. ಆದಕಾರಣ ಅವಳ ಒಂದು ಹೆಜ್ಜೆಯು ಅವನ ಏಳು ಸಂಪುಟಗಳಿಗಿಂತ ಹೆಚ್ಚು ತೂಗುವದೆಂದು ನನ್ನ ಎಣಿಕೆ.

ಇನ್ನೊಂದು ಮಾತು. ಅಮೃತರಾಯನ ಬಾಗಿಲು ತೆರೆಯದಿದ್ದರೆ ಇಂದಿರೆಯ ಧೈರ್ಯವು ಬೀದಿಯಲ್ಲಿಯೇ ನಿಲ್ಲುತ್ತಿತ್ತು. ಶಾಲೆಯಲ್ಲಿದ್ದಾಗ ನಾವೆಲ್ಲರೂ ಇಂದಿರೆಯಾಗಲು ಬಯಸಿದ್ದುಂಟು. ಈಗ ಸ್ವಂತ ಮನೆಗಳುಳ್ಳ ಹಳೆಯ ವಿದ್ಯಾರ್ಥಿನಿಯರು ಅಮೃತರಾಯನ ಪಾತ್ರವನ್ನು ಮತ್ತೊಮ್ಮೆ ಓದಬೇಕು. ನೊಂದ ಹುಡುಗಿಯೊಬ್ಬಳು ನಮ್ಮ ಕದ ತಟ್ಟಿದರೆ, ನಾವು ಮೊದಲು ಕೇಳುವದು ಅವಳ ಕುಲವನ್ನೋ, ಅವಳ ಕಷ್ಟವನ್ನೋ? ನಾವು ಓದಿದ ನೀತಿಯು ಎಷ್ಟು ನಮ್ಮದಾಗಿದೆಯೆಂಬುದು ಆ ಹೊತ್ತಿಗೆ ತಿಳಿದೀತು.