ಓದಿದ ಹೆಣ್ಣಿನ ಮೇಲೆ ಹೊರಿಸಿದ ಅಪವಾದ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲೂಕುಗಳ ಮದುವೆಯ ಮಾತುಕತೆಗಳಲ್ಲಿ ಇಂದು ಒಂದು ದೂರು ಪದೇ ಪದೇ ಕೇಳಿಬರುತ್ತದೆ: ಹೆಣ್ಣುಮಕ್ಕಳು ಹೆಚ್ಚು ಓದಿದ್ದರಿಂದಲೇ ಒಕ್ಕಲುತನದ ಹುಡುಗರಿಗೆ ಕನ್ಯೆ ಸಿಗುತ್ತಿಲ್ಲ. ದೂರಿನ ಬೆನ್ನಿಗೇ ಪರಿಹಾರವೂ ಬರುತ್ತದೆ: ಪದವಿ ಮುಗಿದರೆ ಸಾಕು, ಸ್ನಾತಕೋತ್ತರ ಅಧ್ಯಯನ, ಸಂಶೋಧನೆಗಳ ಗೊಡವೆ ಬೇಡ. ಇಲ್ಲಿ ರೋಗದ ನಿದಾನವೂ ತಪ್ಪು, ಸೂಚಿಸಿದ ಮದ್ದೂ ತಪ್ಪು.

ಕನ್ಯೆಯರ ಕೊರತೆ ಕಾಲೇಜಿನಲ್ಲಿ ಹುಟ್ಟಿದ್ದಲ್ಲ. ಭ್ರೂಣಲಿಂಗ ಪತ್ತೆಯ ಪಿಡುಗನ್ನು ತಡೆಯಲು 1994ರಲ್ಲಿ ದೇಶವೇ ಕಾನೂನು ಮಾಡಬೇಕಾಯಿತು. ಹುಟ್ಟಗೊಡದ ಹೆಣ್ಣುಗಳ ಲೆಕ್ಕವನ್ನು ಬದುಕಿ ಓದುತ್ತಿರುವ ಹೆಣ್ಣುಗಳ ತಲೆಗೆ ಕಟ್ಟುವುದು ಯಾವ ನ್ಯಾಯ? ದೂರು ಈ ಸೀಮೆಯದೊಂದೇ ಅಲ್ಲ. 2023ರ ಫೆಬ್ರವರಿಯಲ್ಲಿ ಮಂಡ್ಯ ಭಾಗದ ಅವಿವಾಹಿತ ಯುವಕರು ವಧುವಿಗಾಗಿ ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಮಾಡಿದರು. ಅವರ ನೋವು ನಿಜ. ಆದರೆ ಕಬ್ಬಿನ ಬಿಲ್ಲಿಗಾಗಿ ಕಾಯುವ, ಬೆಲೆಯ ಭರವಸೆಯಿಲ್ಲದ ಬದುಕನ್ನು ಹೊಲವುಳ್ಳ ತಂದೆತಾಯಿಗಳೇ ತಮ್ಮ ಮಗಳಿಗೆ ಬಯಸುತ್ತಿಲ್ಲ. ಆಯ್ಕೆ ಹಿರಿಯರದು, ಅಪವಾದ ಮಾತ್ರ ಮಗಳದು.

ಎರಡನೆಯ ವಾದ ಮರ್ಯಾದೆಯದು. ದೂರದ ಊರು, ವಸತಿನಿಲಯ, ಹೊತ್ತು ಮುಳುಗಿದ ಮೇಲೆ ಬರುವ ಬಸ್ಸು ಇವೆಲ್ಲ ಕುಲೀನ ಮನೆಗೆ ಒಪ್ಪುವುದಿಲ್ಲವಂತೆ. ನಿಪ್ಪಾಣಿಯ ತಂಬಾಕಿನ ವಖಾರಿಗಳಲ್ಲಿ ಧೂಳು ಕುಡಿದು ದುಡಿದವರು ಹೆಣ್ಣುಮಕ್ಕಳು. ಬೀಡಿ ಕಟ್ಟಿದವರು, ಕಬ್ಬಿನ ಹೊಲಗಳಲ್ಲಿ ಕಳೆ ತೆಗೆದವರು ಹೆಣ್ಣುಮಕ್ಕಳು. ಆಗ ಹೊಸ್ತಿಲು ಅಡ್ಡ ಬರಲಿಲ್ಲ. ಕೂಲಿಗೆ ತೆರೆಯುವ ಬಾಗಿಲು ವಿದ್ಯೆಗೆ ಮುಚ್ಚುವುದಾದರೆ ಅದಕ್ಕೆ ಮರ್ಯಾದೆಯೆಂಬ ಹೆಸರು ಸಲ್ಲದು. 2023ರ ಜೂನ್‌ನಿಂದ ಶಕ್ತಿ ಯೋಜನೆಯು ರಾಜ್ಯದೊಳಗಿನ ಸಾರಿಗೆ ಬಸ್ಸುಗಳಲ್ಲಿ ಮಹಿಳೆಯರ ಪ್ರಯಾಣವನ್ನು ಉಚಿತಗೊಳಿಸಿದೆ. ಬಸ್ಸಿಳಿದು ಮನೆ ಸೇರುವವರೆಗಿನ ಊರ ಮಾತಿನ ಸುಂಕವಿನ್ನೂ ರದ್ದಾಗಿಲ್ಲ.

ಕೊನೆಗೆ ಪರಂಪರೆಯನ್ನು ಸಾಕ್ಷಿಗೆ ಕರೆಯುವವರಿದ್ದಾರೆ. ಪರಂಪರೆಯ ಸಾಕ್ಷ್ಯ ಅವರಿಗೆ ಪ್ರತಿಕೂಲವಾಗಿದೆ. ಜಿನಸೇನಾಚಾರ್ಯರ ಆದಿಪುರಾಣದಲ್ಲಿ ವೃಷಭದೇವನು ಬ್ರಾಹ್ಮಿಗೆ ಅಕ್ಷರವನ್ನೂ ಸುಂದರಿಗೆ ಅಂಕವನ್ನೂ ಕಲಿಸುತ್ತಾನೆ. ಭರತ ಬಾಹುಬಲಿಯರ ಸರದಿ ಅನಂತರದ್ದು. ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಸಿ ಹಂಚಿದಳು; 993ರ ಅಜಿತಪುರಾಣಕ್ಕಾಗಿ ಮುಧೋಳದ ರನ್ನನಿಗೆ ಆಶ್ರಯವಿತ್ತಳು. ಆ ಮಹಾಸತಿಯ ಹೆಸರಿನಲ್ಲಿ ಪ್ರಶಸ್ತಿ ಕೊಡುವ ಸಮಾಜವೇ ಮಗಳ ಪುಸ್ತಕಕ್ಕೆ ಖರ್ಚು ಮಾಡಲು ಹಿಂಜರಿಯುತ್ತದೆ.

ಚಿಕ್ಕೋಡಿ ಸೀಮೆಯ ಸದಲಗಾದಲ್ಲಿ 1906ರಲ್ಲಿ ಜನಿಸಿದ ಡಾ. ಆ. ನೇ. ಉಪಾಧ್ಯೆಯವರು ಕೊಲ್ಲಾಪುರದ ರಾಜಾರಾಮ ಕಾಲೇಜಿನಲ್ಲಿ ಅಧ್ಯಾಪಕರಾಗಿ, ಪ್ರಾಕೃತ ವಿದ್ವತ್ತಿನಿಂದ ಲೋಕಖ್ಯಾತರಾದರು. ಅವರು ಊರು ಬಿಟ್ಟು ನಡೆದ ದಾರಿಯನ್ನು ಈ ನಾಡು ಹೆಮ್ಮೆಯಿಂದ ನೆನೆಯುತ್ತದೆ. ಅದೇ ದಾರಿ ಹಿಡಿಯುವ ಹುಡುಗಿಗೆ ಮಾತ್ರ, ಇಷ್ಟು ಓದಿ ಮಾಡುವುದೇನು ಎಂಬ ಪ್ರಶ್ನೆ ಕಾದಿರುತ್ತದೆ.

ಆದ್ದರಿಂದ ಮಾತುಕತೆಗೆ ಕೂಡುವ ಹಿರಿಯರು, ಕೊಡುಕೊಳ್ಳುವ ಪಟ್ಟಿ ಬಿಚ್ಚುವ ಮೊದಲು, ಹುಡುಗಿ ಎಲ್ಲಿಯವರೆಗೆ ಓದಬಯಸುತ್ತಾಳೆಂದು ಅವಳನ್ನೇ ಕೇಳಲಿ. ಅವಳು ಕೊಟ್ಟ ಉತ್ತರ ಎರಡೂ ಮನೆಗಳ ಮಾತಾಗಿ ನಿಲ್ಲಲಿ.