ನೆಲದ ಸಿರಿ, ಆಳುವವರ ವಿವೇಕ

ಖನಿಜ ಸಂಪತ್ತು ಬಡ ದೇಶಗಳಿಗೆ ಶಾಪವೆಂಬ ಮಾತನ್ನು ನಾನು ಒಪ್ಪಲಾರೆ. ಆಫ್ರಿಕಾದ ಬೋಟ್ಸ್ವಾನಾ ಮತ್ತು ಜಾಂಬಿಯಾಗಳನ್ನೇ ನೋಡಿ. ಎರಡೂ ಕಡಲ ತೀರವಿಲ್ಲದ ನೆರೆ ದೇಶಗಳು. ಎರಡೂ ಬ್ರಿಟಿಷರ ಆಳ್ವಿಕೆಯಿಂದ ಬಿಡುಗಡೆ ಹೊಂದಿದವು. 1964ರಲ್ಲಿ ಸ್ವತಂತ್ರವಾದಾಗ ಜಾಂಬಿಯಾದ ತಾಮ್ರದ ಗಣಿಗಳು ಹೆಸರಾಗಿದ್ದವು. 1966ರ ಬೋಟ್ಸ್ವಾನಾ ಕಡುಬಡ ದೇಶ.

ಮರುವರ್ಷ ಒರಾಪಾದಲ್ಲಿ ವಜ್ರ ದೊರೆಯಿತು. ಅಧ್ಯಕ್ಷ ಸೆರೆಟ್ಸೆ ಖಾಮಾ ಅವರು ತಮ್ಮದೇ ಬುಡಕಟ್ಟಿನ ನೆಲದ ಆ ಸಿರಿಯನ್ನು ಇಡೀ ರಾಷ್ಟ್ರದ ಸೊತ್ತಾಗಿಸಿದರು. ಆದಾಯವು ಶಾಲೆ, ರಸ್ತೆಗಳಿಗೆ ಹರಿಯಿತು. ಮುಂದಿನ ಪೀಳಿಗೆಗಾಗಿ 1994ರಲ್ಲಿ ‘ಪುಲಾ ನಿಧಿ’ ಸ್ಥಾಪನೆಯಾಯಿತು. ಅವರ ಭಾಷೆಯಲ್ಲಿ ಪುಲಾ ಎಂದರೆ ಮಳೆ!

ಜಾಂಬಿಯಾದಲ್ಲಿ ಕೆನೆತ್ ಕೌಂಡಾ ಗಣಿಗಳನ್ನು ಸರ್ಕಾರದ ಹಿಡಿತಕ್ಕೆ ತಂದರು, ಬಳಿಕ ಏಕಪಕ್ಷದ ಆಡಳಿತವನ್ನೂ ತಂದರು. 1975ರ ಸುಮಾರಿಗೆ ತಾಮ್ರದ ಬೆಲೆ ಕುಸಿದಾಗ ಕೂಡಿಟ್ಟ ಗಂಟಿರಲಿಲ್ಲ, ಸಾಲವೇ ಗತಿಯಾಯಿತು. 2020ರಲ್ಲಿಯೂ ಆ ದೇಶ ಸಾಲದ ಕಂತು ಕಟ್ಟಲಾಗದೆ ಕೈಚೆಲ್ಲಿತು.

ಆದರೂ 1991ರ ಚುನಾವಣೆಯಲ್ಲಿ ಸೋತ ಕೌಂಡಾ ಮರುಮಾತಿಲ್ಲದೆ ಅಧಿಕಾರ ಬಿಟ್ಟುಕೊಟ್ಟರೆಂಬುದನ್ನು ಮರೆಯಬಾರದು. ಬೋಟ್ಸ್ವಾನಾಕ್ಕೂ ಈಗ ಪರೀಕ್ಷೆಯ ಕಾಲ: ಕೃತಕ ವಜ್ರಗಳ ಪೈಪೋಟಿಯಿಂದ ವರಮಾನ ಕುಗ್ಗಿತು, 58 ವರ್ಷ ಆಳಿದ ಪಕ್ಷವನ್ನು ಜನ 2024ರಲ್ಲಿ ಇಳಿಸಿದರು. ಸಿರಿ ಕರಗುವ ಮೊದಲೇ ಲೆಕ್ಕ ಕೇಳುವ ಪ್ರಜೆ, ಲೆಕ್ಕ ಒಪ್ಪಿಸುವ ದೊರೆ ಇರಬೇಕೆಂಬುದೇ ನನ್ನ ಅಭಿಪ್ರಾಯ.